ಆರೂವರೆಯ ಟೀಚರ್

ಅಮರಮ್ಮ ಟೀಚರ್ ಪಾಠ ಹೇಳುತ್ತಿದ್ದಳು ಎನ್ನುವುದಕ್ಕಿಂತ ಪಾಠ ಕೇಳುತ್ತಿದ್ದಳು ಎಂದರೆ ಸತ್ಯಕ್ಕೆ ಹತ್ತಿರ. ಉಳಿದ ಮೇಷ್ಟ್ರುಗಳು ಗಂಟೆ ಹೊಡೆದಾಗಿನಿಂದ ಮತ್ತೆ ಗಂಟೆ ಹೊಡೆಯುವವರೆಗೆ ತಾವೇ ಮಾತಾಡಿ, ಸ್ಟಾಫ್ ರೂಮಿಗೆ ಬಂದು ತಂಬಿಗೆ ಎತ್ತಿ ಗಟಗಟ ನೀರು ಕುಡಿದು, ‘ಇವತ್ತು ಭರ್ಜರಿ ಪಾಠ ಆತು ನೋಡ್ರಿ’ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಈಕೆ ಕಾಲು ಗಂಟೆ ಮಾತಾಡಿ ಪುಸ್ತಕ ಮುಚ್ಚಿಬಿಡುವಳು. ಆಮೇಲೆ ಬೆಂಚುಗಳ ನಡುವೆ ಇಳಿದು, ಒಬ್ಬೊಬ್ಬರ ಪಕ್ಕದಲ್ಲೂ ತುಸು ಬಗ್ಗಿ ನಿಂತು, ‘ಏನು ತಿಳೀತು, ನಿನ್ನ ಮಾತಿನ್ಯಾಗ ಹೇಳು’ ಎನ್ನುವಳು. ಹುಡುಗ ತೊದಲಿದರೆ ಕಾಯುವಳು. ತಪ್ಪು ಹೇಳಿದರೆ, ‘ಹೌದಾ? ಪಾಠದಾಗ ಎಲ್ಲೈತಿ, ತೋರಸು’ ಎನ್ನುವಳು. ಸರಿಯುತ್ತರ ಏನೆಂದು ಮಾತ್ರ ತಾನಾಗಿ ಹೇಳಿದವಳಲ್ಲ. ಹೇಳಿಬಿಟ್ಟರೆ ಆಯಿತು, ಅಂದಿನಿಂದ ಆ ಮಗು ಯೋಚನೆ ಮಾಡುವುದನ್ನೇ ಬಿಡುತ್ತದೆ ಎಂಬುದು ಆಕೆಯ ನಂಬಿಕೆ.

ಇನ್ನು ಆಕೆಯ ಬಾಯಿಂದ ‘ಶಭಾಷ್’ ಎಂಬ ಮಾತು ಬೀಳುವುದೆಂದರೆ ಹಟ್ಟಿ ಗಣಿಯಲ್ಲಿ ಬಂಗಾರ ಸಿಕ್ಕ ಹಾಗೆ. ಗಾಡಿಗಟ್ಟಲೆ ಕಲ್ಲು ಒಡೆದ ಮೇಲೆ ಒಂದು ಚಿಟಿಕೆ. ಅದು ಸಿಕ್ಕ ಮಕ್ಕಳು ಮನೆಗೆ ಹೋಗಿ ಅವ್ವನಿಗೆ ಹೇಳುತ್ತಿದ್ದರು, ಅವ್ವಂದಿರು ನೀರು ತುಂಬುವಲ್ಲಿ ಓಣಿಗೆಲ್ಲ ಹೇಳುತ್ತಿದ್ದರು.

ಸಂತೆಕಲ್ಲೂರಿನ ಕುರಿಗಾರ ದ್ಯಾವಪ್ಪನ ಮಗಳು ಆಕೆ. ಮಗಳಿಗೆ ಈ ಚಟ ಬಂದದ್ದು ಅಪ್ಪನಿಂದಲೇ ಎಂದು ಊರವರು ಆಡಿಕೊಳ್ಳುತ್ತಿದ್ದರು. ದ್ಯಾವಪ್ಪ ಸಂಜೆ ಕುರಿಗಳನ್ನು ದೊಡ್ಡಿಗೆ ಬಿಡುವಾಗ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದರ ಬೆನ್ನ ಮೇಲೂ ಕೈ ಆಡಿಸುತ್ತಿದ್ದನಂತೆ. ಯಾವುದಕ್ಕೆ ಜ್ವರ, ಯಾವುದು ಮೇಯದೆ ಬಂದಿದೆ ಎಂಬುದು ಅಂಗೈಗೆ ತಿಳಿಯುತ್ತಿತ್ತಂತೆ. ‘ನಿಮ್ಮಪ್ಪ ಕುರಿ ಮುಟ್ಟಿ ನೋಡ್ತಿದ್ದ, ನೀ ಹುಡುಗರನ್ನ ಮುಟ್ಟಿ ನೋಡ್ತಿ’ ಎಂದು ಯಾರಾದರೂ ಚೇಷ್ಟೆ ಮಾಡಿದರೆ, ‘ಕುರಿ ಹೊಳ್ಳಿ ಮಾತಾಡಂಗಿಲ್ಲ, ನನ್ನ ಹುಡುಗರು ಮಾತಾಡ್ತಾವ’ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಳಗೊಳಗೆ ಆ ಹೋಲಿಕೆ ಆಕೆಗೆ ಇಷ್ಟವೇ ಇತ್ತು.

ಎಂಬತ್ತೊಂದರಲ್ಲಿ ಮಸ್ಕಿಯ ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತು. ಅಲ್ಲಿದ್ದಾಗಲೇ ಮನೆಯಲ್ಲಿ ಕೂತು ಬಿ.ಎ. ಕಟ್ಟಿದಳು, ಆಮೇಲೆ ಬಿ.ಎಡ್. ಮಾಡಿದಳು. ನಡುವೆ ಹಟ್ಟಿ ಗಣಿಯಲ್ಲಿ ಪಾಳಿಯ ಮೇಲೆ ನೆಲದೊಳಗೆ ಇಳಿಯುವ ಆದಪ್ಪನ ಜೊತೆ ಮದುವೆಯಾಯಿತು. ಆತನಿಗೆ ಕಂಪನಿಯ ಕ್ವಾರ್ಟರ್ಸು, ಆಕೆಗೆ ವರ್ಗವಾದ ಊರಲ್ಲಿ ಬಾಡಿಗೆ ಮನೆ. ವಾರದ ರಜೆಗೆ ಇವರಿಬ್ಬರಲ್ಲಿ ಒಬ್ಬರು ಬಸ್ಸು ಹತ್ತಬೇಕು. ಲಿಂಗಸುಗೂರಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋದಾಗ ಹಟ್ಟಿ ಕೂಗಳತೆಯಲ್ಲಿತ್ತು. ತೊಂಬತ್ತೆರಡರಲ್ಲಿ ಸಿಂಧನೂರಿಗೆ ವರ್ಗವಾದ ಮೇಲೆ ದೂರವಾಯಿತು. ‘ಏನು ಮಾಡೂದು, ಸರ್ಕಾರದ ನೌಕರಿ, ದೇವ್ರ ಕೊಟ್ಟ ಗಂಡ, ಎರಡೂ ಬಿಡಾಕ ಬರಂಗಿಲ್ಲ’ ಎಂದು ಆಕೆ ನಗುತ್ತಿದ್ದಳು.

ಸಿಂಧನೂರು ಆಗ ದಿನದಿನಕ್ಕೆ ಉಬ್ಬುತ್ತಿದ್ದ ಊರು. ಕಾಲುವೆ ನೀರು ಬಂದು ಭತ್ತದ ಗದ್ದೆಗಳಾಗಿ, ರೈಸ್ ಮಿಲ್ಲುಗಳು ಎದ್ದು, ಆಂಧ್ರದ ಕಡೆಯಿಂದ ಬಂದು ಭೂಮಿ ಕೊಂಡವರ ಕ್ಯಾಂಪುಗಳು ಸುತ್ತಲೂ ಬೆಳೆದಿದ್ದವು. ಜವಳಗೇರಾ ಕಡೆಯ ಕೂಲಿಕಾರರ ಮಕ್ಕಳು, ಮನೆಯಲ್ಲಿ ತೆಲುಗು ಮಾತಾಡುವ ಕ್ಯಾಂಪಿನ ಮಕ್ಕಳು, ಪೇಟೆಯ ಸಾಹುಕಾರರ ಮಕ್ಕಳು ಎಲ್ಲ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಕೂರುತ್ತಿದ್ದವು. ಬೆಂಚಿಗೆ ಐದು ಜನ, ಉಳಿದವರು ನೆಲಕ್ಕೆ, ಅದರ ಮೇಲಿನವರು ಕಿಟಕಿಗೆ. ಅಷ್ಟು ಮಕ್ಕಳ ಗದ್ದಲದ ಮೇಲೆ ದನಿ ಏರಿಸಬೇಕೆಂದರೆ ಸಂತೆಯಲ್ಲಿ ಬದನೆಕಾಯಿ ಮಾರಿದ ಹಾಗೇ ಕೂಗಬೇಕು. ಅಮರಮ್ಮ ಕೂಗಿದಳು. ಕೂಗಿ ಪಾಠ ಹೇಳಿ, ಆಮೇಲೆ ಒಬ್ಬೊಬ್ಬರನ್ನೂ ಕೇಳಿದಳು. ಅಷ್ಟು ಜನರನ್ನು ಕೇಳಿ ಮುಗಿಸುವ ಹೊತ್ತಿಗೆ ಉಳಿದ ಸೆಕ್ಷನ್ನಿನವರು ಎರಡು ಪಾಠ ಮುಂದೆ ಹೋಗಿರುತ್ತಿದ್ದರು.

ಹೆಡ್‌ಮಾಸ್ತರ್ ಗೋಪಣ್ಣನವರಿಗೆ ಇದು ತಲೆನೋವು. ಅವರು ಕೆಟ್ಟವರಲ್ಲ. ಆದರೆ ಸಿಲಬಸ್ಸು ಮುಗಿಯದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

‘ಅಮರಮ್ಮಾರ, ಹಿಂದಿನ ಬೆಂಚಿನವ್ರನ್ನ ಬಿಟ್ಟು ಮುಂದ ಹೋಗ್ರಿ. ಒಬ್ಬರ ಸಲುವಾಗಿ ಬಸ್ ನಿಂದ್ರತೈತೇನು?’

‘ಬಸ್ ನಿಂದ್ರಂಗಿಲ್ಲ ಸರ್. ಅದಕ್ಕ ಅವ್ರು ಊರು ಮುಟ್ಟಂಗಿಲ್ಲ’ ಎಂದಳು ಅಮರಮ್ಮ.

ತೊಂಬತ್ತೈದರ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ಗಂಟಲು ಹೋಯಿತು. ಮೊದಮೊದಲು ದನಿ ಒಡೆಯಿತು, ಆಮೇಲೆ ಎತ್ತರಿಸಿದಾಗಲೆಲ್ಲ ಗಾಳಿಯೇ ಬಂದು ಮಾತು ಒಳಗೇ ಉಳಿಯತೊಡಗಿತು. ಅರಿಸಿನದ ಹಾಲು ಕುಡಿದಾಯಿತು, ಜ್ಯೇಷ್ಠಮಧು ಜಗಿದಾಯಿತು, ಯಾರೋ ದೃಷ್ಟಿ ಎಂದರೆಂದು ಉಪ್ಪು-ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಕೊನೆಗೆ ರಾಯಚೂರಿನ ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು ನೋಡಿ, ಕೂಗಿ ಕೂಗಿ ದನಿಯ ನರದ ಮೇಲೆ ಗಂಟುಗಳು ಬಂದಿವೆ ಎಂದರು. ಎದುರಿಗೆ ಕೂತವರ ಜೊತೆ ಮೆಲ್ಲಗೆ ಮಾತಾಡಬಹುದು, ಅದಕ್ಕೇನೂ ಅಡ್ಡಿಯಿಲ್ಲ, ದನಿ ಎತ್ತುವುದು ಮಾತ್ರ ಇನ್ನು ಬಿಡಬೇಕು, ಎತ್ತಿದರೆ ಇದ್ದ ದನಿಯೂ ಹೋದೀತು ಎಂದರು. ‘ಎಷ್ಟು ದಿನ ಬಿಡಬೇಕ್ರಿ?’ ಎಂದು ಆಕೆ ಕೇಳಿದಳು. ಡಾಕ್ಟರು ಕನ್ನಡಿ ಒರೆಸುತ್ತ, ‘ದಿನದ ಲೆಕ್ಕ ಅಲ್ಲಮ್ಮ ಇದು’ ಎಂದರು.

ಗೋಪಣ್ಣನವರು ಒಳ್ಳೆಯತನದಿಂದಲೇ ಆಕೆಯ ಕ್ಲಾಸುಗಳನ್ನು ಬೇರೆಯವರಿಗೆ ಹಂಚಿದರು. ಆಕೆಗೆ ಲೈಬ್ರರಿ ಕೊಟ್ಟರು. ಲೈಬ್ರರಿ ಎಂದರೆ ಎರಡು ಬೀರು, ಒಂದು ಕುರ್ಚಿ, ಕಿಟಕಿಯಾಚೆ ತನ್ನದೇ ಹಳೆಯ ಕ್ಲಾಸು. ಅಲ್ಲಿ ಹೊಸ ಮೇಷ್ಟ್ರು ತಡೆಯಿಲ್ಲದೆ ಪಾಠ ಹೇಳುತ್ತಿದ್ದ, ಮಕ್ಕಳು ತಡೆಯಿಲ್ಲದೆ ಕೂತಿದ್ದವು. ಸಂಬಳ ಬರುತ್ತಿತ್ತು, ಹಾಜರಿ ಬೀಳುತ್ತಿತ್ತು, ಎಲ್ಲರೂ ‘ಟೀಚರ್’ ಎಂದೇ ಕರೆಯುತ್ತಿದ್ದರು. ಆದರೆ ನೀರಿಲ್ಲದ ಬಾವಿಯನ್ನೂ ಜನ ಬಾವಿ ಎಂದೇ ಕರೆಯುತ್ತಾರಲ್ಲ. ಇನ್ನು ಇಪ್ಪತ್ತು ವರ್ಷ ಹೀಗೆ ಬೀರುವಿನ ಬೀಗ ತೆಗೆದು ಹಾಕುತ್ತ ಕೂರಬೇಕೆ, ತಾನು ಮತ್ತೆ ಟೀಚರಾಗುವುದುಂಟೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಆಕೆಯನ್ನು ಹಗಲೂ ಬಿಡಲಿಲ್ಲ, ಹಟ್ಟಿಗೆ ಹೋದಾಗ ರೊಟ್ಟಿ ತಟ್ಟುವಾಗಲೂ ಬಿಡಲಿಲ್ಲ.

ಈ ಪ್ರಶ್ನೆಗೆ ಉತ್ತರ ತಂದವನು ಗೌಸ್‌ಸಾಬ್, ತನಗೆ ಬಂದ ಕಷ್ಟದಿಂದ ಪಾರಾಗುವುದಕ್ಕೆ.

ಗೌಸ್‌ಸಾಬ್ ಮೊದಲು ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದ. ಆಮೇಲೆ ಮದುವೆಯ ವಿಡಿಯೋ ತೆಗೆದ. ಈಗ ಊರ ಅರ್ಧದಷ್ಟು ಮನೆಗಳಿಗೆ ಮಾಳಿಗೆಯಿಂದ ಮಾಳಿಗೆಗೆ ವಯರು ಎಳೆದು ಕೇಬಲ್ ಟೀವಿ ನಡೆಸುತ್ತಿದ್ದ. ಸಂಜೆ ಏಳಕ್ಕೆ ತನ್ನ ಅಂಗಡಿಯ ಯಂತ್ರಕ್ಕೆ ಒಂದು ತೆಲುಗು ಸಿನೆಮಾದ ಕ್ಯಾಸೆಟ್ ಹಾಕಿದನೆಂದರೆ ಓಣಿಗಳಲ್ಲಿ ನಾಯಿ ಬಿಟ್ಟರೆ ಯಾರೂ ಕಾಣುತ್ತಿರಲಿಲ್ಲ. ತೊಂಬತ್ತೇಳರ ಸಂಕ್ರಾಂತಿ ಕಳೆದ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳ ತಂದೆಯಂದಿರು ಗುಂಪಾಗಿ ಬಂದು ಅವನ ಅಂಗಡಿಯ ಮುಂದೆ ನಿಂತರು. ಮಕ್ಕಳು ಕೆಡುತ್ತಿವೆ, ಪರೀಕ್ಷೆ ಮುಗಿಯುವವರೆಗೆ ಸಿನೆಮಾ ಬಂದ್ ಮಾಡು, ಇಲ್ಲದಿದ್ದರೆ ವಯರು ಕತ್ತರಿಸುತ್ತೇವೆ ಎಂದರು. ತಂದೆಯಂದಿರು ತಾವೂ ಸಿನೆಮಾ ನೋಡುತ್ತಿದ್ದರು ಎಂಬ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಗೌಸ್‌ಸಾಬ್ ತಲೆ ಕೆರೆದುಕೊಂಡು ಒಂದು ದಾರಿ ಹುಡುಕಿದ. ಸಿನೆಮಾಕ್ಕೂ ಮೊದಲು ಅರ್ಧ ಗಂಟೆ ಪಾಠ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕು ಕಟ್ಟಲು ಬರುತ್ತಿದ್ದಾಗಿನಿಂದ ಅವನಿಗೆ ಅಮರಮ್ಮ ಗೊತ್ತು. ಸೀದಾ ಲೈಬ್ರರಿಗೆ ಬಂದ.

‘ಟೀಚರಮ್ಮ, ನಿಮ್ಮ ದನಿ ಹೋಗೈತಂತ ಕೇಳೀನಿ. ನನ್ನ ಹತ್ರ ಮೈಕ್ ಐತಿ. ನೀವು ಕಿವ್ಯಾಗ ಹೇಳಿದಂಗ ಹೇಳ್ರಿ, ಇಡೀ ಸಿಂಧನೂರಿಗೆ ಕೇಳಸೂ ಜಿಮ್ಮೇದಾರಿ ನಂದು.’

ಅಮರಮ್ಮ ಆ ದಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ದುಃಖಕ್ಕಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಮದುವೆ ವಿಡಿಯೋದವರ ಹಸಿರು ಪರದೆ, ಎರಡು ದೊಡ್ಡ ಬಲ್ಬು, ಒಂದು ಬೋರ್ಡು. ಬೆಳಿಗ್ಗೆ ಶಾಲೆಗೆ ಮುಂಚೆ ಪಾಠ ತೆಗೆಯುವುದು, ಸಂಜೆ ಆರೂವರೆಗೆ ಬಿಡುವುದು ಎಂದು ಮಾತಾಯಿತು. ಗೌಸ್‌ಸಾಬ್‌ಗೆ ಮದುವೆಯ ಕೈ. ಪಾಠದ ಶುರುವಿನಲ್ಲಿ ಟೀಚರಮ್ಮನ ಮುಖ ಗುಲಾಬಿಯೊಳಗಿಂದ ಅರಳಿ ಬರುವಂತೆ ಮಾಡಿದ, ಕೊನೆಯಲ್ಲಿ ಮೇಲಿಂದ ಅಕ್ಷತೆ ಉದುರಿಸಿದ. ‘ನನ್ನ ಮದುವ್ಯಾಗೂ ಇಷ್ಟು ಹೂ ಬಿದ್ದಿದ್ದಿಲ್ಲ’ ಎಂದಳು ಅಮರಮ್ಮ. ಆದರೆ ಮೈಕಿನ ಮುಂದೆ ಮೆಲ್ಲಗೆ ಆಡಿದ ಮಾತು ಯಂತ್ರದೊಳಗಿಂದ ತುಂಬಿಕೊಂಡು ಬಂದದ್ದನ್ನು ಕೇಳಿದಾಗ ಆಕೆಗೆ ಮೈ ಝುಂ ಎಂದಿತು. ಅದು ತನ್ನದೇ ದನಿ, ಹತ್ತು ವರ್ಷದ ಹಿಂದಿನದು.

ಮೊದಲ ದಿನವೇ ರಾದ್ಧಾಂತವಾಯಿತು. ಅಮರಮ್ಮ ತನ್ನ ರೂಢಿಯಂತೆ ಕಾಲು ಗಂಟೆ ಪಾಠ ಹೇಳಿ, ಒಂದು ಪ್ರಶ್ನೆ ಕೇಳಿ, ಕೈಕಟ್ಟಿ ನಿಂತು ಕ್ಯಾಮೆರಾವನ್ನೇ ನೋಡುತ್ತ ಕಾದಿದ್ದಳು. ಹಿಂದಿನ ಬೆಂಚಿನ ಹುಡುಗನಿಗೆ ಕಾಯುವಷ್ಟೇ ಕಾದಿದ್ದಳು. ಸಂಜೆ ಟೀವಿಯಲ್ಲಿ ಅದು ಬಂದಾಗ ಊರಿಗೆ ಊರೇ ಟೀವಿ ಕೆಟ್ಟಿತೆಂದು ತಿಳಿಯಿತು. ಕೆಲವರು ಡಬ್ಬಿಯ ತಲೆಗೆ ಬಡಿದರು, ಕೆಲವರು ಮಾಳಿಗೆ ಹತ್ತಿ ವಯರು ಅಲ್ಲಾಡಿಸಿದರು. ಬಾಬುಸಾಬ್ ಎಂಬ ಚಹಾ ಹೋಟೆಲಿನವನು ವಯರು ಕಿತ್ತು ಮತ್ತೆ ಸಿಕ್ಕಿಸುವ ಭರದಲ್ಲಿ ಪಕ್ಕದ ಮೂರು ಮನೆಗಳ ಟೀವಿಯನ್ನೂ ಕಪ್ಪು ಮಾಡಿದ. ಗೌಸ್‌ಸಾಬ್‌ನ ಅಂಗಡಿಯ ಫೋನು ಒಂದೇ ಸಮನೆ ಬಡಿದುಕೊಂಡಿತು.

‘ಟೀಚರಮ್ಮ, ಟೀವಿ ಅಂದ್ರ ಸುಮ್ಮಕಿರಬಾರದ್ರೀ’ ಎಂದ ಮಾರನೆಯ ಬೆಳಿಗ್ಗೆ. ‘ಟೀವಿ ಸುಮ್ಮಕಾತಂದ್ರ ಮಂದಿ ನನಗ ಬೈತಾರ.’

‘ಮತ್ತ ಮಕ್ಕಳು ಉತ್ತರ ಹೇಳೂದು ಬ್ಯಾಡೇನು?’

‘ಹೇಳ್ಲಿ. ಲಗೂನ ಹೇಳ್ಲಿ. ಹೇಳಿದ್ರು ಅಂತ ತಿಳ್ಕೊಂಡು ನೀವೊಂದು ಶಭಾಷ್ ಅಂದುಬಿಡ್ರಿ. ಮಂದಿ ಖುಷ್ ಆಗ್ತಾರ. ಶಭಾಷ್‌ಗೇನು ರೊಕ್ಕ ಹತ್ತತಾವೇನ್ರೀ?’

‘ಕೇಳಲಾರದ ಶಭಾಷ್ ಅನ್ನೂದಾ?’

‘ಇಲ್ಲಾಂದ್ರ ಬ್ಯಾರೆ ಸರ್‌ಗೆ ಕೇಳ್ತೀನ್ರೀ. ಅವ್ರಿಗೆ ಸುಮ್ಮಕಿರಾಕ ಬರಂಗೇ ಇಲ್ಲ.’

ಅಮರಮ್ಮನ ಕಣ್ಣ ಮುಂದೆ ಆ ಎರಡು ಬೀರು ಬಂದು ನಿಂತವು. ಒಪ್ಪಿಕೊಂಡಳು. ಪ್ರಶ್ನೆ ಕೇಳಿ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಬಿಟ್ಟು, ನಗುಮುಖ ಮಾಡಿ, ‘ಶಭಾಷ್! ಬಹಳ ಚಲೋ ಹೇಳಿದ್ರಿ’ ಎಂದು ಮುಂದಿನ ಪ್ರಶ್ನೆಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಮೊದಲ ಸಲ ಅಂದಾಗ ನಾಲಿಗೆಗೆ ಕಹಿಯಾಯಿತು. ವಾರ ಕಳೆಯುವಷ್ಟರಲ್ಲಿ ಕಹಿ ಹೋಯಿತು. ಉತ್ತರವನ್ನು ಮಾತ್ರ ಟೀವಿಯಲ್ಲೂ ಹೇಳಲಿಲ್ಲ. ಅದೊಂದು ಹಟವನ್ನಾದರೂ ಉಳಿಸಿಕೊಂಡೆನಲ್ಲ ಎಂಬ ಸಮಾಧಾನ.

ಜನ ಮೆಚ್ಚಿದರು. ಮೊದಲು ಸಿನೆಮಾಕ್ಕೆ ಜಾಗ ಹಿಡಿಯಲೆಂದು ಬೇಗ ಬಂದು ಕೂರುತ್ತಿದ್ದವರು, ಆಮೇಲೆ ಪಾಠಕ್ಕೇ ಬಂದು ಕೂರತೊಡಗಿದರು. ಸಂತೆಗೆ ಹೋದರೆ ಕಾಯಿಪಲ್ಲೆಯ ಗದ್ದೆಮ್ಮ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿ, ‘ಆರೂವರಿ ಟೀಚರ್ ಬಂದಾರ, ದಾರಿ ಬಿಡ್ರಿ’ ಎನ್ನುತ್ತಿದ್ದಳು. ಗೋಪಣ್ಣನವರು ಈಗ ಆಕೆಯನ್ನು ಕಂಡರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಸಿಲಬಸ್ಸೂ ಓಡುತ್ತಿತ್ತು, ಯಾರಿಗೂ ಕಾಯುವ ಕೆಲಸವಿರಲಿಲ್ಲವಲ್ಲ. ಅಮರಮ್ಮ ಎರಡು ಹೊಸ ಸೀರೆ ಕೊಂಡಳು, ಪರದೆಯ ಹಸಿರಿಗೆ ಒಪ್ಪುವಂಥವು. ಒಂದು ಸಲ ಕನ್ನಡಿಯ ಮುಂದೆ ನಿಂತು ಶಭಾಷ್ ಎಂದು ನಕ್ಕು ನೋಡಿಕೊಂಡದ್ದೂ ಉಂಟು. ಇದನ್ನು ಆಕೆ ಯಾರಿಗೂ ಹೇಳಲಿಲ್ಲ, ಆದರೆ ಇಂಥವು ಮುಚ್ಚಿಟ್ಟರೂ ಉಳಿಯುವುದಿಲ್ಲ.

ಆದಪ್ಪ ಮಾತು ಕಡಿಮೆಯ ಮನುಷ್ಯ. ಹಟ್ಟಿಯ ಕ್ವಾರ್ಟರ್ಸಿಗೆ ಕೇಬಲ್ ಇರಲಿಲ್ಲವಾದ್ದರಿಂದ ಹೆಂಡತಿಯ ಪಾಠವನ್ನು ಅವನು ನೋಡಿರಲಿಲ್ಲ. ಆಕೆ ಎಲ್ಲವನ್ನೂ ಬಣ್ಣಿಸಿ ಹೇಳಿದಾಗ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

‘ನಮ್ಮ ಗಣಿಯಾಗ ಕೆಳಗಿಂದ ಗಂಟಿ ಹೊಡೆದ್ರ ಮ್ಯಾಲಿಂದ ಹೊಳ್ಳಿ ಗಂಟಿ ಬರಬೇಕು’ ಎಂದ ಕೊನೆಗೆ. ‘ಬರೂತನ ಮಂದಿ ಏರಿಸಿ ಇಳಿಸೂ ತೊಟ್ಲ ಅಲುಗಂಗಿಲ್ಲ. ನಿನಗ ಹೊಳ್ಳಿ ಗಂಟಿ ಯಾರು ಹೊಡೀತಾರ?’

‘ನಿಮ್ಮ ಗಣಿ ಬ್ಯಾರೆ, ನನ್ನ ಪಾಠ ಬ್ಯಾರೆ’ ಎಂದಳು ಅಮರಮ್ಮ, ಬೇಕಾದ್ದಕ್ಕಿಂತ ಜೋರಾಗಿ. ಗಂಟಲು ಹಿಡಿದುಕೊಂಡು ಕೆಮ್ಮಿದಳು. ಆದಪ್ಪ ನೀರು ಕೊಟ್ಟ. ಆ ಮಾತು ಮಾತ್ರ ಆಕೆಯ ಜೊತೆ ಬಸ್ಸು ಹತ್ತಿ ಸಿಂಧನೂರಿಗೂ ಬಂತು.

ವಿಚಿತ್ರವೆಂದರೆ, ತನ್ನ ಪಾಠ ಮನೆಗಳಲ್ಲಿ ಹೇಗೆ ಕೇಳುತ್ತದೆಂಬುದನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. ಆರೂವರೆಗೆ ಆಕೆ ತಪ್ಪದೆ ಗೌಸ್‌ಸಾಬ್‌ನ ಅಂಗಡಿಯಲ್ಲಿ ಯಂತ್ರದ ಪಕ್ಕ ಕೂತಿರುತ್ತಿದ್ದಳು, ಕ್ಯಾಸೆಟ್ ಸಿಕ್ಕಿಕೊಂಡರೆ ಎಂಬ ಅಂಜಿಕೆಗೆ. ಫೆಬ್ರವರಿಯಲ್ಲೊಂದು ದಿನ ಲಿಂಗಸುಗೂರಿನಲ್ಲಿ ಕನ್ನಡ ಟೀಚರುಗಳ ಸಭೆಗೆ ಕರೆದಿದ್ದರು. ಟೀವಿಯಲ್ಲಿ ಪಾಠ ಮಾಡುವುದು ಹೇಗೆಂದು ಆಕೆ ಉಳಿದವರಿಗೆ ಹೇಳಬೇಕಿತ್ತು. ಹೇಳಿದಳು, ಶಾಲು ಹೊದಿಸಿಕೊಂಡಳು. ಹಿಂದಿರುಗುವ ಬಸ್ಸು ಮಸ್ಕಿಯಲ್ಲಿ ಟೈರು ಬದಲಿಸಿಕೊಂಡು ತಡವಾಗಿ ಸಿಂಧನೂರು ಮುಟ್ಟಿತು. ಅಂಗಡಿಗೆ ಹೋದರೂ ಅರ್ಧ ಪಾಠ ಮುಗಿದಿರುತ್ತದೆಂದು ಆಕೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ ಹಿಡಿದು ಮನೆಯ ಕಡೆ ನಡೆದಳು.

ಓಣಿಯ ತುಂಬ ಆಕೆಯ ದನಿ. ಈ ಮನೆಯಲ್ಲಿ ಬಿಟ್ಟ ಮಾತು ಆ ಮನೆಯಲ್ಲಿ ಮುಂದುವರಿಯುತ್ತಿತ್ತು. ಅಮರಮ್ಮನ ಎದೆ ಉಬ್ಬಿತು. ಶಾಲನ್ನು ಸರಿಮಾಡಿಕೊಂಡು ಕೇಳುತ್ತ ನಡೆದಳು.

ಅವತ್ತಿನದು ಆಕೆಯೇ ಕಟ್ಟಿದ ಕಥೆ. ಪರೀಕ್ಷೆಯಲ್ಲಿ ಎಂದೂ ಓದಿರದ ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅದರ ರೂಢಿಗೆಂದು ಮಾಡಿದ್ದು. ಒಂದು ಊರನ್ನು ದಂಡಿನವರು ಲೂಟಿ ಮಾಡಿ ಹೋಗಿದ್ದಾರೆ. ಮರುದಿನ ಅವರೇ ಬಾಯಾರಿ, ಊರ ಹೊರಗಿನ ಬಾವಿಯ ಮುದುಕಿಯ ಹತ್ತಿರ ಕುದುರೆಗಳೊಂದಿಗೆ ಬರುತ್ತಾರೆ. ಆ ಮುದುಕಿ ನೆಲದೊಳಗೆ ಜೋಳ ತುಂಬಿಟ್ಟಿದ್ದ ಹಗೇವನ್ನೂ ಬಿಡದೆ ಬಳಿದವರು ಅವರು. ಮುದುಕಿ ಅವರ ಮುಖ ನೋಡಿ, ‘ಮೊದಲು ಕುದುರೆಗಳ ಕಡಿವಾಣ ಬಿಚ್ಚಿ’ ಎನ್ನುತ್ತಾಳೆ. ಬಿಚ್ಚಿದ ಮೇಲೆ ಕುದುರೆಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಆಮೇಲೆ ಸವಾರರಿಗೆ ಹಗ್ಗ-ಕೊಡ ತೋರಿಸಿ, ‘ನೀವು ಸೇದಿಕೊಳ್ಳಿ’ ಎಂದು ಒಳಗೆ ಹೋಗುತ್ತಾಳೆ. ಕಥೆ ಇಷ್ಟೇ. ಪ್ರಶ್ನೆ: ಮುದುಕಿ ಕುದುರೆಗಳಿಗೇ ಮೊದಲು ನೀರು ಕೊಟ್ಟದ್ದು ಯಾಕೆ?

ಮೊದಲು ಸಿಕ್ಕ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅಜ್ಜನೊಬ್ಬ ಗೋಡೆಗೆ ಒರಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಬೇರೆ ಯಾರೂ ಇರಲಿಲ್ಲ. ಟೀವಿಯ ಅಮರಮ್ಮ ಅವನಿಗೆ ‘ಶಭಾಷ್! ಬಹಳ ಚಲೋ ಹೇಳಿದ್ರಿ’ ಎಂದಳು. ಓಣಿಯ ಅಮರಮ್ಮನಿಗೆ ನಗು ಬಂತು. ಗೌಸ್‌ಸಾಬ್‌ಗೆ ಹೇಳಿ ನಗಬೇಕು ಎಂದುಕೊಂಡಳು.

ಆದರೆ ಒಂದು ಪ್ರಶ್ನೆಯನ್ನು ಒಂದೇ ಸಲ ಕೇಳಿ ಬಿಡುವವಳಲ್ಲ ಆಕೆ. ಮುಖ್ಯ ಪ್ರಶ್ನೆಯನ್ನು ಎರಡು ಸಲ ಕೇಳುವುದು ಪಾಠದ ಕ್ರಮ. ಎರಡನೆಯ ಸಲ ಟೀವಿಯಲ್ಲಿ ಅದು ಬರುವ ಹೊತ್ತಿಗೆ ಆಕೆ ಒಂದು ದೊಡ್ಡ ಮನೆಯ ಮುಂದೆ ಬಂದಿದ್ದಳು. ಪಡಸಾಲೆಯ ತುಂಬ ಮಂದಿ, ಮಕ್ಕಳು, ಸಿನೆಮಾಕ್ಕೆಂದು ಬಂದ ಅಕ್ಕಪಕ್ಕದವರು. ಒಳಗೆ ಜಾಗವಿಲ್ಲದೆ, ಅಥವಾ ಒಳಗೆ ಹೋಗುವಷ್ಟು ಸಲಿಗೆಯಿಲ್ಲದೆ, ಹೊರಗೆ ಕಿಟಕಿಯ ಸರಳು ಹಿಡಿದು ಹದಿನಾರು-ಹದಿನೇಳರ ಹುಡುಗಿಯೊಬ್ಬಳು ನಿಂತಿದ್ದಳು. ಕಂಕುಳಲ್ಲಿ ಒಂದು ಕೂಸು. ಆಕೆಯ ಬೆನ್ನಷ್ಟೇ ಅಮರಮ್ಮನಿಗೆ ಕಾಣುತ್ತಿತ್ತು.

‘ಯಾಕೆ?’ ಎಂದಿತು ಟೀವಿ.

ಹುಡುಗಿ ತನ್ನಷ್ಟಕ್ಕೇ, ಕೂಸಿಗೆ ಹೇಳುವಂತೆ ಮೆಲ್ಲಗೆ ಅಂದಳು: ‘ಲೂಟಿ ಮಾಡಿದ್ದು ಮಂದಿ. ಕುದುರಿ ಏನು ತಾನಾಗಿ ಬಂದಿತ್ತೇನು?’

ಅಮರಮ್ಮ ನಿಂತಳು. ಆ ಉತ್ತರ ಕೇಳಲೆಂದೇ ಆಕೆ ಆ ಕಥೆ ಕಟ್ಟಿದ್ದಳು.

ಅಷ್ಟರಲ್ಲಿ ಒಳಗಿನ ಮಕ್ಕಳೆಲ್ಲ ಒಟ್ಟಾಗಿ, ‘ಹೆದರಿ! ಹೆದರಿ ಕೊಟ್ಳು!’ ಎಂದು ಕೂಗಿದವು. ಟೀವಿಯ ಅಮರಮ್ಮ ಮುಖದ ತುಂಬ ನಕ್ಕು, ‘ಶಭಾಷ್! ಬಹಳ ಚಲೋ ಹೇಳಿದ್ರಿ’ ಎಂದಳು. ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಕಿಟಕಿಯ ಹುಡುಗಿ ನಾಲಿಗೆ ಕಚ್ಚಿಕೊಂಡಳು. ತಲೆಯನ್ನು ತಾನೇ ಮೊಟಕಿಕೊಂಡು, ಪಾಠ ಒಪ್ಪಿಸುವವಳಂತೆ ಎರಡು ಸಲ ಅಂದಳು: ‘ಹೆದರಿ ಕೊಟ್ಳು. ಹೆದರಿ ಕೊಟ್ಳು.’

ಅಮರಮ್ಮ ಹತ್ತಿರ ಹೋದಳು.

‘ಏನವ್ವ, ಈಗ ಏನಂದಿ?’

ಹುಡುಗಿ ತಿರುಗಿದಳು. ಮುಖ ನೋಡಿದಳು, ಕಿಟಕಿಯೊಳಗೆ ನೋಡಿದಳು, ಮತ್ತೆ ಮುಖ ನೋಡಿದಳು. ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡಳು.

‘ಅಂಜಬ್ಯಾಡ. ನಿನ್ನ ಹೆಸರೇನು?’

‘ಶೇಖಮ್ಮ ರೀ. ಜವಳಗೇರಾದಾಕಿ. ಹ್ವಾದ ವರ್ಷ ಕನ್ನಡದಾಗ ನಪಾಸಾಗೀನಿ. ಇಲ್ಲಿ ಅಕ್ಕನ ಕೂಸು ಹಿಡಿಯಾಕ ಬಂದೀನ್ರೀ, ಈ ಸಲ ಹೊಳ್ಳಿ ಕಟ್ಟೀನಿ. ದಿನಾ ಇಲ್ಲೇ ನಿಂತು ನಿಮ್ಮ ಪಾಠ ಕೇಳ್ತೀನಿ.’

‘ಈಗ ಪ್ರಶ್ನಿಗೆ ಏನಂದಿ?’

‘ಹೆದರಿ ಕೊಟ್ಟಾಳ್ರೀ.’

‘ಅದಕ್ಕೂ ಮೊದ್ಲ ಬ್ಯಾರೆ ಏನೋ ಅಂದಿ.’

‘ಅದು ತಪ್ಪರೀ.’

‘ತಪ್ಪಂತ ಯಾರಂದ್ರು?’

ಹುಡುಗಿಗೆ ಅಚ್ಚರಿಯಾಯಿತು. ‘ನೀವ ಅಂದ್ರಲ್ರೀ’ ಎಂದಳು. ‘ಅವ್ರು ಹೆದರಿ ಅಂದ್ರು. ನೀವು ಶಭಾಷ್ ಅಂದ್ರಿ. ದಿನಾ ಹಂಗ ರೀ. ನಾ ಏನರ ಅಂತೀನಿ, ಒಳಗಿನವ್ರು ಬ್ಯಾರೆ ಅಂತಾರ, ನೀವು ಅವ್ರಿಗೆ ಶಭಾಷ್ ಅಂತೀರಿ. ನಾ ತಿದ್ದಿಕೊಳ್ತೀನ್ರೀ.’

ಅಮರಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ದನಿ ಹೋಯಿತೆಂದು ಡಾಕ್ಟರು ಹೇಳಿದಾಗಲೂ ಹೀಗಾಗಿರಲಿಲ್ಲ. ಆಗ ಕಳೆದುಕೊಂಡದ್ದು ತನ್ನದು. ಇಲ್ಲಿ ಒಂದು ತಿಂಗಳಿಂದ ದಿನಾ ಸಂಜೆ ಈ ಕಿಟಕಿಯಲ್ಲಿ ಒಂದು ಹುಡುಗಿ ಸರಿಯಾದದ್ದನ್ನು ಹೇಳಿ, ತನ್ನ ನಗುಮುಖ ನೋಡಿ, ಅದನ್ನು ಅಳಿಸಿ ತಪ್ಪು ಬರೆದುಕೊಳ್ಳುತ್ತಿದ್ದಳು. ಇಂಥ ಕಿಟಕಿಗಳು ಊರಲ್ಲಿ ಇನ್ನೆಷ್ಟಿವೆಯೋ. ಹೆಗಲ ಮೇಲಿನ ಶಾಲು ಭಾರವಾಗಿ ಆಕೆ ಅದನ್ನು ಮಡಚಿ ಚೀಲಕ್ಕೆ ತುರುಕಿದಳು. ಒಳಗೆ ಟೀವಿಯ ಅಮರಮ್ಮ ಹೊಸ ಸೀರೆಯಲ್ಲಿ, ಗಂಟಲಿಗೆ ಯಾವ ತೊಂದರೆಯೂ ಇಲ್ಲದೆ, ತುಂಬಿದ ದನಿಯಲ್ಲಿ ಮಾತಾಡುತ್ತಲೇ ಇದ್ದಳು. ಆಕೆಯ ಮೇಲೆ ಅಮರಮ್ಮನಿಗೆ ಸಿಟ್ಟು ಬಂತು.

‘ಮೊದ್ಲ ಅಂದದ್ದನ್ನ ಇನ್ನೊಮ್ಮ ಹೇಳು’ ಎಂದಳು.

ಶೇಖಮ್ಮನ ಕಣ್ಣು ಕಿಟಕಿಯೊಳಗೇ ಇತ್ತು. ‘ಟೀಚರ್, ಟೀವ್ಯಾಗ ನೀವು ಮುಂದ ಹೊಂಟ್ರಿ. ಎರಡನೇ ಪ್ರಶ್ನಿ ಬಂತು.’

‘ಆಕಿ ಹೋಗ್ಲಿ ಬಿಡು. ನಾ ಇಲ್ಲೇ ನಿಂತೀನಿ. ಹೇಳು.’

ಹುಡುಗಿ ಕೂಸನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಿಸಿದಳು. ಒಂದು ಸಲ ಬಾಯಿ ತೆರೆದು ಮುಚ್ಚಿದಳು. ಅಮರಮ್ಮ ಕಾದಳು. ಇಲ್ಲಿ ಯಾರೂ ವಯರು ಅಲ್ಲಾಡಿಸಲು ಬರಲಿಲ್ಲ.

‘ಲೂಟಿ ಮಾಡಿದ್ದು ಕುದುರಿ ಅಲ್ಲರೀ, ಮಂದಿ’ ಎಂದಳು ಶೇಖಮ್ಮ.

‘ಹೌದಾ? ಕಥಿಯಾಗ ಎಲ್ಲೈತಿ ಅದು?’

‘ಮುದುಕಿ ಮೊದ್ಲ ಕಡಿವಾಣ ಬಿಚ್ಚರಿ ಅಂದ್ಳಲ್ರೀ. ಕಡಿವಾಣ ಹಾಕಿದ್ರ ಅವು ಎಲ್ಲಿಗೆ ಜಗ್ಗಿದ್ರ ಅಲ್ಲಿಗೆ ಹೋಗ್ಬೇಕಲ್ರೀ. ಅವುಕ್ಕೇನು ಯಾರರ ಕೇಳ್ತಾರೇನು, ಬರ್ತಿ ಏನು ಇಲ್ಲೇನು ಅಂತ.’ ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. ‘ಮುದುಕಿಗೆ ಅದು ಗೊತ್ತಿತ್ತು ರೀ.’

ಅಮರಮ್ಮನಿಗೆ ಶಭಾಷ್ ಎನ್ನಲು ನಾಲಿಗೆ ಏಳಲಿಲ್ಲ. ಆ ಮಾತನ್ನು ಒಂದು ತಿಂಗಳಿಂದ ಗೊರಕೆ ಹೊಡೆಯುವವರಿಗೂ ಹಂಚಿ ಮುಗಿಸಿದ್ದಳು. ‘ಸರಿ ಐತಿ’ ಎಂದಳು. ‘ನೀ ಮೊದ್ಲ ಹೇಳಿದ್ದ ಸರಿ. ನಾ ಟೀವ್ಯಾಗ ಅಂದದ್ದು ತಪ್ಪು.’

ಕಿಟಕಿಯ ಕೆಳಗೆ ಒಂದು ಕಲ್ಲಿನ ಕಟ್ಟೆ ಇತ್ತು. ಅಮರಮ್ಮ ಅದರ ಮೇಲೆ ಕೂತು ಪಕ್ಕದಲ್ಲಿ ಹುಡುಗಿಗೆ ಜಾಗ ತೋರಿಸಿದಳು, ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡಳು. ಒಳಗೆ ಪಾಠ ಮುಗಿದು ಸಿನೆಮಾದ ಹಾಡು ಜೋರಾಗಿ ಶುರುವಾಗಿತ್ತು. ಆಕೆ ತುಸು ಬಗ್ಗಿ ಎರಡನೆಯ ಪ್ರಶ್ನೆ ಕೇಳಿದಳು. ಅಷ್ಟು ಹತ್ತಿರಕ್ಕೆ ಕೂಗಬೇಕಾಗಿರಲಿಲ್ಲ. ಡಾಕ್ಟರು ಬಿಟ್ಟುಕೊಟ್ಟಿದ್ದ ದನಿಯೇ ಸಾಕಾಯಿತು.